ಹಾರ್ಡ್ ಡಿಸ್ಕಿನ ಜೀರ್ಣೋದ್ಧಾರ

ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಂದ ರಾಮಶಬ್ದವನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯನೊಬ್ಬನು ಅರವತ್ತನೆಯ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಗಣಕಯಂತ್ರವನ್ನು ಬಿಚ್ಚಿದನೆಂದರೆ ವಾಚಕ ಮಹಾಶಯರಿಗೆ ನಗೆ ಬಾರದಿರದು. ನನ್ನ ಮನೆಯಲ್ಲಿಯೂ ನಕ್ಕರು. ಆದರೂ ಕೆಲಸವು ಕೈಗೂಡಿತು. ಯಂತ್ರಶಾಸ್ತ್ರವನ್ನರಿಯದ ಇತರ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾಗಲೆಂದು ಅದರ ಕ್ರಮವನ್ನು ಇಲ್ಲಿ ನಿರೂಪಿಸುವೆನು.

ನಮ್ಮ ತಾಯಿಯವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, ಅವರಿಗೆ ಬರುತ್ತಿದ್ದ ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡುಗಳನ್ನು ನಾನು ಧ್ವನಿಮುದ್ರಣ ಮಾಡಿಟ್ಟಿದ್ದೆನು. ಅವು ಒಟ್ಟು ೨೩. ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಲ್ಲದೆ ಅವು ಬೇರೆಲ್ಲಿಯೂ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಆ ಯಂತ್ರವು ಎಚ್ಚರಗೊಳ್ಳುವುದಕ್ಕೆ ಕಾಲು ಗಂಟೆ ಹಿಡಿಯತೊಡಗಿತು. ಕೆಲವು ಕಡತಗಳು ತೆರೆಯದೆ ಹೋದವು. ಕಡೆಗೆ, ಡಿಸ್ಕು ಕೆಡುವ ಸೂಚನೆಯಿದೆಯೆಂಬ ಎಚ್ಚರಿಕೆಯೂ ಪರದೆಯ ಮೇಲೆ ಮೂಡಿತು. “ಅಂಗಡಿಯವರಿಗೆ ಕೊಡಬಾರದೇ? ಈ ವಯಸ್ಸಿನಲ್ಲಿ ನಿಮಗೇಕೆ ಈ ಉಸಾಬರಿ?” ಎಂದಳು ಮನೆಯಾಕೆ. ಅಂಗಡಿಯವರನ್ನು ಕೇಳಿದೆನು. ಹೊಸ ಡಿಸ್ಕನ್ನು ಹಾಕಿಕೊಡುವೆವು, ಒಳಗಿರುವುದರ ಹೊಣೆ ನಮ್ಮದಲ್ಲವೆಂದರು. ಹೊಣೆಯು ನನ್ನದೇ ಆದ ಮೇಲೆ ಕೈಯೂ ನನ್ನದೇ ಆಗಲೆಂದು ನಿಶ್ಚಯಿಸಿದೆನು.

ಹಾರ್ಡ್ ಡಿಸ್ಕೆಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ೧೯೫೬ರಲ್ಲಿ ಅಮೆರಿಕೆಯ ಐಬಿಎಂ ಸಂಸ್ಥೆಯವರು ಹೊರತಂದ ಮೊತ್ತಮೊದಲನೆಯದರಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳು ಮಾತ್ರ. ಈಗಿನದು ಅಂಗೈಯಗಲದ ಪೆಟ್ಟಿಗೆ. ಅದರೊಳಗೆ ಕಾಂತಲೇಪವುಳ್ಳ ತಟ್ಟೆಗಳು, ಲ್ಯಾಪ್‌ಟಾಪಿನಲ್ಲಾದರೆ ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುವುವು. ಅವುಗಳ ಮೇಲೆ ಓದುವ ಮೊನೆಯು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುವುದು. ಧೂಳಿನ ಒಂದು ಕಣವೂ ಅಲ್ಲಿ ಬಂಡೆಗೆ ಸಮಾನ. ಆದುದರಿಂದ ಯಂತ್ರವನ್ನು ಬಿಚ್ಚಬಹುದೇ ಹೊರತು ಡಿಸ್ಕಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು.

ಪ್ರಥಮ ಕರ್ತವ್ಯವು ಬದಲಿಸುವುದಲ್ಲ, ಪ್ರತಿ ಮಾಡಿಕೊಳ್ಳುವುದು. ಎಲ್ಲಕ್ಕಿಂತ ಬೇಕಾದುದನ್ನು ಎಲ್ಲಕ್ಕಿಂತ ಮೊದಲು ಬೇರೊಂದು ಡಿಸ್ಕಿಗೆ ಸಾಗಿಸತಕ್ಕದ್ದು. ಡಿಸ್ಕಿನಿಂದ ‘ಟಕ್ ಟಕ್’ ಎಂದು ಲೋಹ ಬಡಿದಂತಹ ಸದ್ದು ಬರುತ್ತಿದ್ದರೆ ಈ ಪ್ರಯತ್ನವೂ ಬೇಡ. ಒಡನೆಯೇ ಯಂತ್ರವನ್ನು ನಿಲ್ಲಿಸಿ, ಮಾಹಿತಿಯನ್ನು ಹೊರತೆಗೆಯುವ ಪರಿಣತರಲ್ಲಿಗೆ ಒಯ್ಯುವುದೇ ಲೇಸು. ನಮ್ಮ ಡಿಸ್ಕಿಗೆ ಆ ಸದ್ದಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕುಳಿತು ೨೨ ಹಾಡುಗಳನ್ನು ಉಳಿಸಿಕೊಂಡೆನು. ಒಂದು ತೊಟ್ಟಿಲ ಹಾಡು ಮಾತ್ರ ಎಷ್ಟು ಸಲ ಯತ್ನಿಸಿದರೂ ಬರಲಿಲ್ಲ.

ಇನ್ನು ಹೊಸ ಡಿಸ್ಕಿನ ವಿಚಾರ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಧಾರಣವಾಗಿ ಎರಡೂವರೆ ಅಂಗುಲದ ಸಾಟಾ ಡಿಸ್ಕು ಇರುವುದು. ಮೇಜಿನ ಗಣಕಯಂತ್ರಗಳಲ್ಲಿ ಮೂರೂವರೆ ಅಂಗುಲದ್ದು. ಅದೇ ಎರಡೂವರೆ ಅಂಗುಲದ ಅಳತೆಯಲ್ಲಿ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ದೊರೆಯುವುದು. ಅದು ವೇಗವಾದುದು, ಅಲುಗಾಟಕ್ಕೂ ಅಂಜದು. ಇತ್ತೀಚಿನ ತೆಳು ಯಂತ್ರಗಳಲ್ಲಿ ಪಟ್ಟಿಯಾಕಾರದ ಡಿಸ್ಕಿರುವುದು. ಕೆಲವದರಲ್ಲಿ ಫಲಕಕ್ಕೇ ಬೆಸೆದಿರುವುದುಂಟು. ಆದಕಾರಣ ಯಂತ್ರದ ಕೈಪಿಡಿಯನ್ನು ನೋಡಿಯೇ ಕೊಳ್ಳತಕ್ಕದ್ದು. ವಾರಂಟಿಯ ಅವಧಿ ಉಳಿದಿದ್ದರೆ ತಾವು ಬಿಚ್ಚದೆ ಕಂಪೆನಿಯವರಿಗೇ ಒಪ್ಪಿಸುವುದು ಯುಕ್ತವು.

ಬದಲಿಸುವ ಕ್ರಮವು ಹೀಗಿದೆ. ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ, ಚಾರ್ಜರಿನ ತಂತಿಯನ್ನು ಕಿತ್ತು, ಬ್ಯಾಟರಿಯನ್ನೂ ಬೇರ್ಪಡಿಸಬೇಕು. ಶರೀರದಲ್ಲಿ ಸಂಚಿತವಾದ ಸ್ಥಿರವಿದ್ಯುತ್ತು ಯಂತ್ರಕ್ಕೆ ಘಾತುಕವಾದುದರಿಂದ, ಬಣ್ಣವಿಲ್ಲದ ಲೋಹದ ವಸ್ತುವೊಂದನ್ನು ಮುಟ್ಟಿ ಆಮೇಲೆ ಕೈಯಿಡಬೇಕು. ತಳಭಾಗದ ಮುಚ್ಚಳದ ಸ್ಕ್ರೂಗಳನ್ನು ತೆಗೆದು, ಯಾವುದು ಎಲ್ಲಿಯದೆಂದು ಕಾಗದದ ಮೇಲೆ ಬರೆದು, ಅದರ ಮೇಲೆಯೇ ಇಡುವುದು ಒಳ್ಳೆಯದು. ನಾನು ಮಾಡಿದ್ದು ಹಾಗೆಯೇ. ಡಿಸ್ಕನ್ನು ಎತ್ತಿ ಕೀಳದೆ, ಸಂಪರ್ಕದ ಹಲ್ಲುಗಳಿಂದ ಹಿಂದಕ್ಕೆ ನೇರವಾಗಿ ಸರಿಸಬೇಕು. ಅದರ ಲೋಹದ ಚೌಕಟ್ಟನ್ನು ಬಿಚ್ಚಿ ಹೊಸದಕ್ಕೆ ತೊಡಿಸಿ, ಅದೇ ದಾರಿಯಲ್ಲಿ ಮುಂದಕ್ಕೆ ಒತ್ತಬೇಕು. ಸುಲಭವಾಗಿ ಕೂಡದಿದ್ದರೆ ಬಲಾತ್ಕಾರ ಮಾಡಕೂಡದು. ದಿಕ್ಕು ತಪ್ಪಿದೆಯೆಂದೇ ತಿಳಿಯಬೇಕು.

ಹೊಸ ಡಿಸ್ಕು ಬರಿಯ ಹಲಗೆಯಂತೆ. ಅದರಲ್ಲಿ ಏನೂ ಬರೆದಿರದು. ವಿಂಡೋಸ್ ಬೇಕಾದವರು ಕನಿಷ್ಠ ೮ ಜಿಬಿಯ ಪೆನ್‌ಡ್ರೈವಿನಲ್ಲಿ ಅದನ್ನು ಬೇರೆ ಗಣಕಯಂತ್ರದಿಂದ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ೫೦೦ ಜಿಬಿಯೆಂದು ಕೊಂಡುದು ಪರದೆಯ ಮೇಲೆ ೪೬೫ ಎಂದು ಕಂಡಾಗ ನಾನು ಮೋಸಹೋದೆನೆಂದು ಮಗನಿಗೆ ಫೋನು ಮಾಡಿದೆನು. “ಮೋಸವಲ್ಲಣ್ಣಾ, ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ ೧೦೨೪ರ ಲೆಕ್ಕದಲ್ಲಿ ಎಣಿಸುತ್ತದೆ” ಎಂದು ಅವನು ನಕ್ಕನು. ಶಿಷ್ಯನಿಂದ ಸೋಲುವುದು ಗುರುವಿಗೆ ಸಂತೋಷವೆಂಬಂತೆ ನಾನೂ ನಕ್ಕೆನು.

ಹಳೆಯ ಡಿಸ್ಕನ್ನು ಕಸದ ಬುಟ್ಟಿಗೆ ಹಾಕಲಾಗದು. ಅದರಲ್ಲಿ ಮನೆಯ ಲೆಕ್ಕಪತ್ರಗಳು ಉಳಿದಿರುವುವು. ಅವನ್ನು ಪೂರ್ತಿಯಾಗಿ ಅಳಿಸಿ, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ನಾನು ಇನ್ನೂ ಒಪ್ಪಿಸಿಲ್ಲ. ಬಾರದೆ ಹೋದ ಆ ಹಾಡು ಅದರಲ್ಲಿದೆಯಷ್ಟೆ. ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ.

ಕಳೆದ ತಿಂಗಳು ಚಿಕ್ಕಮ್ಮನವರ ಊರಿಗೆ ಹೋಗಿದ್ದೆನು. ಆ ಹಾಡಿನ ಎರಡು ನುಡಿಗಳು ಮಾತ್ರ ಅವರಿಗೆ ನೆನಪಿದ್ದವು. “ಉಳಿದದ್ದು ಅಕ್ಕನಿಗೇ ಬರುತ್ತಿತ್ತಪ್ಪ” ಎಂದರು. ಆ ಎರಡು ನುಡಿಗಳನ್ನೇ ಹಾಡಿಸಿ ಮುದ್ರಿಸಿಕೊಂಡು ಬಂದೆನು. ಈಗ ನಮ್ಮಲ್ಲಿ ಹಾಡುಗಳೆಲ್ಲವೂ ಎರಡು ಡಿಸ್ಕುಗಳಲ್ಲಿವೆ. ಮೂರನೆಯ ಪ್ರತಿಯು ಮಗನ ಮನೆಯಲ್ಲಿದೆ. ಡಿಸ್ಕು ಕೆಟ್ಟರೆ ಮತ್ತೊಂದು ಡಿಸ್ಕು ಅಂಗಡಿಯಲ್ಲಿ ಸಿಕ್ಕುವುದು. ಆದುದರಿಂದ ವಾಚಕರು ಈ ಸಂಚಿಕೆಯನ್ನು ಕೆಳಗಿಡುವ ಮೊದಲು, ತಮ್ಮ ಮನೆಯಲ್ಲಿ ಒಂದೇ ಪ್ರತಿಯಾಗಿ ಉಳಿದಿರುವುದು ಯಾವುದೆಂದು ಒಮ್ಮೆ ನೋಡಿಕೊಳ್ಳಬೇಕಾಗಿ ಪ್ರಾರ್ಥನೆ.