ಮನೆಯೊಳಗಿನ ನೀರುಗಳ್ಳ

ನೋಡಿ, ನಮ್ಮ ಬಂಟ್ವಾಳದಲ್ಲಿ ನೇತ್ರಾವತಿಯೇ ಹರೀತಾಳೆ. ತುಂಬೆ ಅಣೆಕಟ್ಟೆಯಿಂದ ಮಂಗಳೂರಿಗೂ ಇಲ್ಲಿಂದಲೇ ನೀರು. ಆದರೂ ಏಪ್ರಿಲ್ ಬಂತೆಂದರೆ ಬೆಳ್ತಂಗಡಿ, ಮೂಡುಬಿದಿರೆ ಕಡೆ ಎಷ್ಟೋ ಬಾವಿಗಳಲ್ಲಿ ತಳ ಕಾಣುತ್ತದೆ. ಅಂಥ ಹೊತ್ತಲ್ಲಿ ನಮ್ಮ ಮನೆಯಲ್ಲಿ ಸಂಜೆ ತುಂಬಿಸಿದ ಟ್ಯಾಂಕ್ ಬೆಳಗ್ಗೆ ಅರ್ಧ! ಅಂಗಳದಲ್ಲಿ ಒದ್ದೆಯೇ ಇಲ್ಲ. ಕಾಣೋದಾದರೂ ಹೇಗೆ ಸ್ವಾಮಿ, ಮುರಕಲ್ಲಿನ ನೆಲ ಜರಡಿ ಇದ್ದ ಹಾಗೆ, ಎಲ್ಲ ಕುಡಿದುಬಿಡುತ್ತೆ.

ರಾತ್ರಿ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಸೋರಿಕೆ ಇದೆ. ಮರುರಾತ್ರಿ ಟ್ಯಾಂಕಿನ ವಾಲ್ವ್ ಕೂಡ ಮುಚ್ಚಿ. ಆಗಲೂ ಇಳಿದರೆ ಟ್ಯಾಂಕಲ್ಲೇ ಬಿರುಕು; ನಿಂತರೆ ಪೈಪು, ಇಲ್ಲವೇ ಫ್ಲಶ್. ಫ್ಲಶ್ ಟ್ಯಾಂಕಿಗೆ ಚೂರು ಬಣ್ಣ ಹಾಕಿ ಅರ್ಧ ಗಂಟೆ ಮುಟ್ಟಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಅಲ್ಲೇ.

ನಿಮಿಷಕ್ಕೆ 200 ಎಂಎಲ್, ಅಂದರೆ ಒಂದು ಲೋಟ ಹೋದರೂ ದಿನಕ್ಕೆ 288 ಲೀಟರ್! ನಮ್ಮಲ್ಲಿ ಕಡೆಗೆ ಸಿಕ್ಕಿದ್ದು ಬಟ್ಟೆ ಒಗೆಯೋ ಕಲ್ಲಿನ ಕೆಳಗೆ, ಬಿರುಕು ಬಿಟ್ಟ ಒಂದು ಎಲ್ಬೋ.