ಲಂಬ ಆಂಟೆನಾ ಮತ್ತು ಅದರ ಬುಡದ ನೆಲ: ಹತ್ತನೆಯ ತರಗತಿಗೆ ಒಂದು ವಿವರಣೆ

ಪೀಣ್ಯದ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ರೇಡಿಯೊ ತರಂಗಗಳ ಪಾಠ ಮಾಡುತ್ತಿದ್ದರು. ನಾನು ವೀಕ್ಷಣಾ ಹಾಳೆ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. "ಲಂಬ ಆಂಟೆನಾಕ್ಕೆ ಭೂಮಿಯೇ ಇನ್ನರ್ಧ. ಭೂಮಿ ಒಳ್ಳೆಯ ವಾಹಕ" ಎಂದರು. ಹುಡುಗನೊಬ್ಬ ಎದ್ದ. "ಸಾರ್, ನಮ್ಮಪ್ಪನ ಫ್ಯಾಕ್ಟರಿಯಲ್ಲಿ ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕ್ತಾರೆ. ಭೂಮಿ ಒಳ್ಳೆಯ ವಾಹಕ ಆಗಿದ್ರೆ ಅದೆಲ್ಲ ಯಾಕೆ?" "ಆಮೇಲೆ ನೋಡೋಣ" ಎಂಬ ಉತ್ತರ ಬಂತು. ಹವ್ಯಾಸಿ ರೇಡಿಯೊ ಪರವಾನಗಿ ಇಟ್ಟುಕೊಂಡ ನಾನೂ ತರಗತಿಯಲ್ಲಿ ಅದೇ ವಾಕ್ಯ ಹೇಳುತ್ತ ಬಂದವನು. ಆದ್ದರಿಂದ ಉತ್ತರ ಕೊಡುವ ಹೊಣೆ ನನ್ನದೂ ಹೌದು.

ನೆಲದ ಕೆಲಸ

7.1 ಮೆಗಾಹರ್ಟ್ಸ್ ಆವೃತ್ತಿಯ ತರಂಗದೂರ ಸುಮಾರು 42 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 10 ಮೀಟರ್ ಉದ್ದದ ವಾಹಕವನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಲಂಬ ಆಂಟೆನಾ. ಪ್ರೇಷಕದಿಂದ ಬರುವ ಕೇಬಲ್ಲಿನ ಒಂದು ತಂತಿ ಅದಕ್ಕೆ ಸೇರುತ್ತದೆ, ಇನ್ನೊಂದು ನೆಲಕ್ಕೆ. ಮಂಡಲ ಪೂರ್ಣವಾಗಬೇಕಾದರೆ ಪ್ರವಾಹವು ಸುತ್ತಲ ನೆಲದ ಮೂಲಕ ಬುಡಕ್ಕೆ ಮರಳಬೇಕು. ದಾರಿಯಲ್ಲಿ ಮಣ್ಣು ಒಡ್ಡುವ ರೋಧದಿಂದ ಶಕ್ತಿಯ ಒಂದು ಪಾಲು ಶಾಖವಾಗಿ ಹೋಗುತ್ತದೆ.

ನೆಲ ನೆಲಕ್ಕೂ ವ್ಯತ್ಯಾಸವಿದೆ. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್, ಸಾಧಾರಣ ಮಣ್ಣಿನದು 0.005. ಒಣ ಕಲ್ಲುನೆಲಕ್ಕೂ ಕೈಗಾರಿಕಾ ಪ್ರದೇಶಕ್ಕೂ ಕೈಪಿಡಿಗಳು ಕೊಡುವ ಅಂದಾಜು 0.001. ನಮ್ಮದು ಕೆಂಪು ಮಣ್ಣು. ಅದರ ಕೆಳಗಿರುವುದು ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಬಂಡೆ. ಪೀಣ್ಯದಲ್ಲಿ ಇದರ ಮೇಲೆ ಕಾಂಕ್ರೀಟೂ ಇದೆ. ಹುಡುಗನ ಅನುಮಾನ ಸರಿಯಾಗಿಯೇ ಇತ್ತು.

ಹಾಗಾದರೆ ಅರ್ತಿಂಗ್ ಗುಂಡಿ ಸಾಲದೆ? ಸಾಲದು. ಅದು ಇರುವುದು ಸುರಕ್ಷತೆಗೆ. ರೇಡಿಯೊ ಪ್ರವಾಹ ಬುಡದ ಸುತ್ತ ಹತ್ತಾರು ಮೀಟರ್ ಹರಡಿ, ನೆಲದ ಮೇಲ್ಪದರದಲ್ಲಿ ಎಲ್ಲ ದಿಕ್ಕಿನಿಂದಲೂ ಮರಳುತ್ತದೆ. ಅದಕ್ಕಾಗಿ ಬುಡದಿಂದ ಚಕ್ರದ ಕಡ್ಡಿಗಳಂತೆ ತಂತಿಗಳನ್ನು ಹಾಸುತ್ತಾರೆ. ಇವೇ ರೇಡಿಯಲ್‌ಗಳು. ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ 1937ರಲ್ಲಿ ಪ್ರಕಟಿಸಿದ ಅಳತೆಗಳ ನಂತರ ಮಧ್ಯಮ ತರಂಗದ ಪ್ರಸಾರ ಕೇಂದ್ರಗಳಿಗೆ 120 ರೇಡಿಯಲ್‌ಗಳೆಂಬುದು ರೂಢಿಯಾಯಿತು. ಹವ್ಯಾಸಿಗಳು 16ರಿಂದ 32ರಲ್ಲೇ ಒಳ್ಳೆಯ ಫಲ ಪಡೆಯುತ್ತಾರೆ.

ಮೀಟರಿನ ಮೋಸ

ಪರವಾನಗಿ ಬಂದ ಹೊಸತರಲ್ಲಿ ನಾನು ನಾಲ್ಕೇ ತಂತಿ ಹಾಸಿದ್ದೆ. ಎಸ್‌ಡಬ್ಲ್ಯೂಆರ್ ಮೀಟರ್ 1 ತೋರಿಸಿತು, ಬೀಗಿದೆ. ಹದಿನಾರು ತಂತಿ ಹಾಸಿದಾಗ ಅಳತೆ 1.25ಕ್ಕೆ ಏರಿತು. ಕೆಟ್ಟಿತೆಂದು ಹೆಚ್ಚಿನ ತಂತಿಗಳನ್ನು ಕಿತ್ತುಹಾಕಿದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಕಾಲು ತರಂಗದೂರದ ಆಂಟೆನಾದ ವಿಕಿರಣ ರೋಧ ಸುಮಾರು 36 ಓಮ್. ನೆಲದ ರೋಧ 14 ಎಂದುಕೊಂಡರೆ ಮೊತ್ತ 50. ಕೇಬಲ್ಲಿನದೂ 50 ಆದ್ದರಿಂದ ಮೀಟರಿಗೆ ತೃಪ್ತಿ. ಆದರೆ 100 ವ್ಯಾಟ್‌ನಲ್ಲಿ ಹೊರಹೊಮ್ಮುವುದು 72. 28 ಮಣ್ಣಿನ ಪಾಲು. ನೆಲದ ರೋಧ 4ಕ್ಕೆ ಇಳಿದರೆ ಮೊತ್ತ 40, ಅಳತೆ 1.25, ಹೊಮ್ಮುವುದು 90 ವ್ಯಾಟ್. ಕಂಬದ ಎತ್ತರ 5 ಮೀಟರಿಗೆ ಇಳಿದರೆ ವಿಕಿರಣ ರೋಧ ಸುಮಾರು 6 ಓಮ್ ಮಾತ್ರ. ಆಗ ಅದೇ 14 ಓಮ್ ನೆಲ 100ರಲ್ಲಿ 70 ವ್ಯಾಟ್ ನುಂಗುತ್ತದೆ.

ತರಗತಿಯಲ್ಲಿ ಮಾಡುವ ಬಗೆ

ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಈ ಪಾಠಕ್ಕೆ ಅದು ಬೇಕಾಗಿಯೂ ಇಲ್ಲ. 'ವಿದ್ಯುಚ್ಛಕ್ತಿ' ಘಟಕದ ಪೂರ್ವಜ್ಞಾನ ಸಾಕು. 33 ಓಮ್ ರೋಧಕವನ್ನು ಆಂಟೆನಾ ಎಂದೂ 15 ಓಮ್ ರೋಧಕವನ್ನು ನೆಲ ಎಂದೂ ಕರೆದು, 6 ವೋಲ್ಟ್ ಬ್ಯಾಟರಿಗೆ ಸರಣಿಯಲ್ಲಿ ಜೋಡಿಸಿ. 'ಆಂಟೆನಾ'ದ ವಿಭವಾಂತರ ಸುಮಾರು 4.1 ವೋಲ್ಟ್. ಈಗ 'ನೆಲ'ಕ್ಕೆ ಸಮಾಂತರವಾಗಿ ಇನ್ನೂ ಮೂರು 15 ಓಮ್ ರೋಧಕಗಳನ್ನು ಒಂದೊಂದಾಗಿ ಸೇರಿಸಿ. 4.1 ಇದ್ದದ್ದು 5.4ಕ್ಕೆ ಏರುವುದನ್ನು ಮಕ್ಕಳೇ ಓದಲಿ. ಇದು ಹೋಲಿಕೆ ಮಾತ್ರ, ನಿಜವಾದ ನೆಲ ಇಷ್ಟು ಲೆಕ್ಕಬದ್ಧವಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ತಪ್ಪು ಕಲ್ಪನೆಗೂ ಎಡೆ ಕೊಡಬಾರದು. ರೇಡಿಯಲ್‌ಗಳು ಸುಧಾರಿಸುವುದು ಬುಡದ ಹತ್ತಿರದ ನಷ್ಟವನ್ನು. ದಿಗಂತದತ್ತ ತಗ್ಗಿನ ಕೋನದಲ್ಲಿ ಹೋಗುವ ತರಂಗದ ಬಲವು ಬಹು ದೂರದವರೆಗಿನ ನೆಲವನ್ನು ಅವಲಂಬಿಸಿದೆ. ಅಲ್ಲಿಗೆ ನಮ್ಮ ತಂತಿ ಮುಟ್ಟುವುದಿಲ್ಲ. ಅದಕ್ಕೇ ಕಾರವಾರದ ಕಡಲಂಚಿನಲ್ಲಿ ನೆಟ್ಟ ಲಂಬ ಆಂಟೆನಾ ಸಮುದ್ರದ ದಿಕ್ಕಿಗೆ ಪೀಣ್ಯದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮುಂದಿನ ವಾರ ಆ ಪ್ರಶಿಕ್ಷಣಾರ್ಥಿ ಹುಡುಗನ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದರು. ಹಿಂದಿನ ಪಾಠದ ನನ್ನ ವೀಕ್ಷಣಾ ಹಾಳೆಯಲ್ಲಿ 'ತರಗತಿ ನಿಯಂತ್ರಣ: ಉತ್ತಮ' ಎಂದಿತ್ತು. "ಅರ್ಥವಾಯಿತೆ?" ಎಂದಾಗ ಎಲ್ಲರೂ "ಹೌದು ಸಾರ್" ಎಂದಿದ್ದರು. ಅದೂ ಒಂದು ಮೀಟರೇ. ಶಕ್ತಿ ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ. ಪ್ರಶ್ನೆ ಕೇಳಿದ ಹುಡುಗ ಹೇಳಿದ.