ಬೈಲು, ಪದವು, ಬನ: ಮಂಗಳೂರಿನ ಸ್ಥಳನಾಮಗಳಲ್ಲಿ ಪರಿಸರಜ್ಞಾನ

ಸ್ಥಳನಾಮಗಳು ಒಂದು ಜನಸಮುದಾಯವು ತಾನು ನೆಲೆಸಿದ ನೆಲವನ್ನು ಅರಿತುಕೊಂಡ ಬಗೆಯ ಮೌಖಿಕ ದಾಖಲೆಗಳು. ಬೆಳೆಯುತ್ತಿರುವ ಕರಾವಳಿ ನಗರಗಳ ಪರಿಸರ ಸಮಸ್ಯೆಗಳನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಮತ್ತು ಆಡಳಿತದ ನೆಲೆಯಲ್ಲಿ ಮಾತ್ರ ಚರ್ಚಿಸಲಾಗುತ್ತದೆ. ಮಂಗಳೂರಿನ ಮಟ್ಟಿಗೆ ಹೇಳುವುದಾದರೆ, ಇಂದಿನ ನೆರೆ, ನೀರಿನ ಅಭಾವ ಹಾಗೂ ಗುಡ್ಡ ಕುಸಿತಗಳು ಯಾವ ತಾಣದಲ್ಲಿ, ಏಕೆ ಸಂಭವಿಸುತ್ತವೆ ಎಂಬುದರ ಸುಳಿವು ಅಲ್ಲಿನ ತುಳು ಸ್ಥಳನಾಮಗಳಲ್ಲಿಯೇ ಅಡಗಿದೆ ಎಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದಾಗಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬದಿಯಲ್ಲಿ ಮಂಗಳೂರು ಬೆಳೆದಿದೆ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಬಳಿಕ ಕೈಗಾರಿಕೆಗಳು ವಿಸ್ತರಿಸಿದವು. 1980ರಲ್ಲಿ ಮಹಾನಗರಪಾಲಿಕೆ ಸ್ಥಾಪನೆಗೊಂಡಿತು. 2011ರ ಜನಗಣತಿಯ ವೇಳೆಗೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 4.8 ಲಕ್ಷವನ್ನು ಮೀರಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಅಧಿಕ ಮಳೆ ಇಲ್ಲಿ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಿಗೆ ಸೀಮಿತವಾದುದು.

ಈ ಮಳೆಯನ್ನು ನಿಭಾಯಿಸುವ ನೆಲದ ವಿನ್ಯಾಸವನ್ನು ತುಳುವರು ಹೆಸರುಗಳಲ್ಲಿ ಗುರುತಿಸಿದರು. ಮುರಕಲ್ಲಿನ ಸಮತಟ್ಟಾದ ಎತ್ತರದ ಭೂಮಿ ‘ಪದವು’. ಪದವಿನಂಗಡಿ ಎಂಬ ಹೆಸರಿನಲ್ಲಿ ಇದು ಉಳಿದಿದೆ. ಗುಡ್ಡಗಳ ನಡುವಿನ, ನೀರು ಹರಿದು ನಿಲ್ಲುವ ಗದ್ದೆಯ ತಗ್ಗು ‘ಬೈಲು’. ಕೊಡಿಯಾಲಬೈಲು ಇದಕ್ಕೆ ಉದಾಹರಣೆ. ಕೃಷಿಕರ ವರ್ಗೀಕರಣದಲ್ಲಿ ಬೈಲು ಮೂರು ಬೆಳೆ, ಮಜಲು ಎರಡು ಬೆಳೆ, ಬೆಟ್ಟು ಒಂದೇ ಬೆಳೆ ಕೊಡುವ ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಈ ಕ್ರಮವು ವಾಸ್ತವದಲ್ಲಿ ನೀರಿನ ಲಭ್ಯತೆಯ ಕ್ರಮವೇ ಆಗಿದೆ. ಸರಂಧ್ರವಾದ ಮುರಕಲ್ಲು ಪದವಿನಲ್ಲಿ ಮಳೆನೀರನ್ನು ಹೀರಿ, ಇಳಿಜಾರಿನಲ್ಲಿ ಒರತೆಯಾಗಿ ಹೊರಬಿಡುತ್ತದೆ; ಅದು ತೋಡುಗಳ ಮೂಲಕ ಬೈಲನ್ನು ಸೇರುತ್ತದೆ.

ನಗರದ ವಿಸ್ತರಣೆಯಲ್ಲಿ ಈ ಸಂಬಂಧ ಕಡಿದುಹೋಯಿತು. ಪದವುಗಳು ಕಾಂಕ್ರೀಟಿನಿಂದ ಮುಚ್ಚಿದ್ದರಿಂದ ನೀರು ಇಂಗುವುದು ಕಡಿಮೆಯಾಯಿತು. ಬೈಲುಗಳಿಗೆ ಮಣ್ಣು ತುಂಬಿಸಿ ಕಟ್ಟಡಗಳನ್ನು ಎಬ್ಬಿಸಿದ್ದರಿಂದ ಅದು ನಿಲ್ಲುವ ಎಡೆಯೂ ಇಲ್ಲವಾಯಿತು. 2018ರ ಮೇ 29ರಂದು ಸುರಿದ ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಮೊದಲಾದ ತಗ್ಗು ಪ್ರದೇಶಗಳು ಜಲಾವೃತವಾದವು. ಮರುವರ್ಷದ ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟೆಯಲ್ಲಿ ನೀರು ಕುಗ್ಗಿ, ಅದೇ ನಗರದಲ್ಲಿ ಸರದಿಯ ಮೇಲೆ ನೀರು ಪೂರೈಸಬೇಕಾಯಿತು. ನೆರೆ ಮತ್ತು ಬಾಯಾರಿಕೆ ಒಂದೇ ಕಾರಣದ ಎರಡು ಮುಖಗಳೆಂಬುದು ಇಲ್ಲಿ ಗಮನಾರ್ಹ. ಮುರಕಲ್ಲಿನ ಕೆಳಗಿರುವ ‘ಶೇಡಿಮಣ್ಣು’ ನೀರು ಕುಡಿದರೆ ಜಾರುತ್ತದೆ ಎಂಬುದು ಬಾವಿ ತೋಡುವವರಿಗೆ ತಿಳಿದ ಸಂಗತಿ. ರಸ್ತೆಗಾಗಿ, ನಿವೇಶನಕ್ಕಾಗಿ ಗುಡ್ಡವನ್ನು ಲಂಬವಾಗಿ ಕತ್ತರಿಸಿದಲ್ಲೆಲ್ಲ ಈ ಮಣ್ಣು ಹೊರಬಿದ್ದು ಕುಸಿತಕ್ಕೆ ಎಡೆಮಾಡುತ್ತದೆ. ಎತ್ತರದಲ್ಲಿ ಹಾಕಿದ್ದು ತಗ್ಗನ್ನು ಸೇರುತ್ತದೆ ಎಂಬ ಸರಳ ಸತ್ಯವನ್ನು 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯರಾಶಿಯು ಮಂದಾರದ ಮನೆ, ತೋಟಗಳ ಮೇಲೆ ಜಾರಿ ಮತ್ತೊಮ್ಮೆ ತೋರಿಸಿತು.

ಕಡಲಂಚಿನ ಹೆಸರುಗಳೂ ಇಂಥದೇ ತಿಳಿವನ್ನು ಒಳಗೊಂಡಿವೆ. ನದಿಯ ನಡುವಿನ ನಡುಗಡ್ಡೆ ‘ಕುದ್ರು’. ನದಿ ಮತ್ತು ಕಡಲಿನ ನಡುವಣ ಮರಳಿನ ಪಟ್ಟಿ ‘ಬೆಂಗ್ರೆ’. ಇವು ಹೊಳೆ ಮತ್ತು ಅಲೆಗಳು ಹೊತ್ತುತಂದ ಮಣ್ಣು, ಮರಳುಗಳಿಂದ ಆದ ನೆಲಗಳು, ಆದುದರಿಂದಲೇ ಅಸ್ಥಿರವಾದವು. ಕಲ್ಲಿನ ತಡೆಗೋಡೆಗಳಿಂದ ಅಳಿವೆಯ ಬಾಗಿಲನ್ನು ಸ್ಥಿರಗೊಳಿಸಿದರೂ ಮರಳಿನ ಚಲನೆ ನಿಲ್ಲುವುದಿಲ್ಲ. ದಕ್ಷಿಣದ ಉಳ್ಳಾಲದ ತೀರ ಹಲವು ವರ್ಷ ತೀವ್ರ ಕಡಲ್ಕೊರೆತವನ್ನು ಎದುರಿಸಿತು.

ಈ ನೆಲದರಿವು ಆಚರಣೆಯ ರೂಪ ತಳೆದುದು ನಾಗಬನಗಳಲ್ಲಿ. ಸುರಗಿ, ಹೊನ್ನೆ, ರೆಂಜೆ, ಹಾಳೆಮರಗಳಿಂದ ದಟ್ಟವಾದ ಬನದಲ್ಲಿ ಕತ್ತಿ ಆಡಿಸುವುದು ನಿಷಿದ್ಧವಾಗಿತ್ತು. ತರಗೆಲೆಯ ಹಾಸಿಗೆ ಮಳೆನೀರನ್ನು ತಡೆದು ಇಂಗಿಸುತ್ತಿತ್ತು. ನಗರದಲ್ಲಿ ಬನಗಳು ಅಳಿದಿಲ್ಲ, ರೂಪಾಂತರಗೊಂಡಿವೆ: ಮರಗಳ ಬದಲು ಕಾಂಕ್ರೀಟಿನ ಕಟ್ಟೆ, ಹಾಸುಕಲ್ಲಿನ ಅಂಗಳ, ಕಬ್ಬಿಣದ ಬೇಲಿ. ನಾಗರಪಂಚಮಿಯ ತನು, ತಂಬಿಲಗಳು ಮೊದಲಿಗಿಂತ ವಿಜೃಂಭಣೆಯಿಂದ ನಡೆಯುತ್ತಿವೆ. ನಂಬಿಕೆ ಬಲಗೊಂಡಿರುವಾಗಲೇ ಅದು ಕಾಯುತ್ತಿದ್ದ ಕಾಡು ಇಲ್ಲವಾಗಿರುವುದು ಜಾನಪದ ಅಧ್ಯಯನಕ್ಕೆ ಗಂಭೀರವಾದ ಪ್ರಶ್ನೆ. ಆಚರಣೆಯ ಉಳಿವು ತಾನಾಗಿಯೇ ಪರಿಸರದ ಉಳಿವಾಗುವುದಿಲ್ಲ ಎಂಬುದಕ್ಕೆ ಇದೇ ನಿದರ್ಶನ. ಕೆಲವೆಡೆ ಬನಗಳಲ್ಲಿ ಮತ್ತೆ ಸಸಿ ನೆಡುವ ಯತ್ನಗಳು ನಡೆದಿರುವುದು ಸ್ವಾಗತಾರ್ಹ.

ಹಾಗೆಂದು ಜನಪದ ಜ್ಞಾನವೇ ಸರ್ವಪರಿಹಾರವೆನ್ನಲಾಗದು. ಅದು ಬೇಸಾಯವನ್ನು ನೆಚ್ಚಿದ ವಿರಳ ಜನವಸತಿಯಲ್ಲಿ ರೂಪುಗೊಂಡ ಅರಿವು. ಪ್ಲಾಸ್ಟಿಕ್ಕಿಗೂ ಬಹುಮಹಡಿ ಕಟ್ಟಡಗಳ ಕೊಳಚೆನೀರಿಗೂ ಅದರಲ್ಲಿ ಉತ್ತರವಿಲ್ಲ. ಆದರೆ ಯಾವ ನೆಲ ನೀರಿನದು ಎಂಬ ಪ್ರಶ್ನೆಗೆ ಅದು ಸ್ಪಷ್ಟ ಉತ್ತರ ಕೊಡುತ್ತದೆ. ಬೈಲು, ತೋಡು, ಕೆರೆ, ಬನಗಳ ಹೆಸರುಗಳನ್ನು ಹಿರಿಯರಿಂದ ಸಂಗ್ರಹಿಸಿ ನಗರಯೋಜನೆಯ ನಕ್ಷೆಗಳಲ್ಲಿ ಗುರುತಿಸುವ ಕಾರ್ಯ ತಡವಿಲ್ಲದೆ ಆಗಬೇಕಾಗಿದೆ. ಗದ್ದೆಯನ್ನು ಉತ್ತವರ ತಲೆಮಾರು ಮರೆಯಾದ ಮೇಲೆ ‘ಬೈಲು’ ಬರಿಯ ಅಂಚೆವಿಳಾಸವಾಗಿ ಉಳಿಯುತ್ತದೆ. ಮಳೆಗಾಲದ ನೀರು ಮಾತ್ರ ಆ ಹೆಸರಿನ ಅರ್ಥವನ್ನು ಮರೆಯುವುದಿಲ್ಲ.